ದೀಪವಿಲ್ಲದ ತಿರುವು ಯಾರದು?



ಬಾಡ, ಕುಮಟಾ, ಹೊನ್ನಾವರ, ಭಟ್ಕಳದ ನಮ್ಮ ಮನೆಗಳಿಂದ ಪ್ರತಿವರ್ಷ ಮಕ್ಕಳು ಧಾರವಾಡಕ್ಕೆ, ಮಂಗಳೂರಿಗೆ, ಮೈಸೂರಿಗೆ ಓದಲು ಹೊರಡುತ್ತಾರೆ. ಮಗನ ವಿಷಯದಲ್ಲಿ ಹೆತ್ತವರು ಕೇಳುವುದು ಹಾಸ್ಟೆಲಿನ ಊಟ ಹೇಗಿದೆ ಎಂದು. ಮಗಳ ವಿಷಯದಲ್ಲಿ ಕೇಳುವುದು, ಹಾಸ್ಟೆಲಿಗೆ ಹೋಗುವ ದಾರಿ ಹೇಗಿದೆ ಎಂದು. ದಾರಿ ಕೆಟ್ಟದಾಗಿದ್ದರೆ ಅದರ ಬೆಲೆಯನ್ನು ತೆರಬೇಕಾದವರು ಯಾರು?

2021ರ ಆಗಸ್ಟ್ ತಿಂಗಳಲ್ಲಿ ಮೈಸೂರಿನ ಚಾಮುಂಡಿ ಬೆಟ್ಟದ ತಪ್ಪಲಲ್ಲಿ ಒಬ್ಬ ವಿದ್ಯಾರ್ಥಿನಿಯ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತು. ಕೆಲವೇ ದಿನಗಳಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಒಂದು ಸುತ್ತೋಲೆ ಹೊರಡಿಸಿತು: ಸಂಜೆ 6.30ರ ನಂತರ ವಿದ್ಯಾರ್ಥಿನಿಯರು ಮಾನಸಗಂಗೋತ್ರಿಯಲ್ಲಿ, ಕುಕ್ಕರಹಳ್ಳಿ ಕೆರೆಯ ಕಡೆ ಒಬ್ಬಂಟಿಯಾಗಿ ಓಡಾಡಬಾರದು. ಟೀಕೆ ಬಂದ ಮೇಲೆ ಅದನ್ನು ಹಿಂತೆಗೆದುಕೊಳ್ಳಲಾಯಿತು.

ನಮ್ಮಲ್ಲಿ ಅನೇಕರು ಅದರಲ್ಲೇನು ತಪ್ಪು ಎಂದಾರು. ತಾಯಿಯೂ ಮಗಳಿಗೆ ಅದನ್ನೇ ಹೇಳುತ್ತಾಳಲ್ಲವೇ? ಹೌದು. ಆದರೆ ತಾಯಿಯ ಕೈಯಲ್ಲಿ ಬೀದಿದೀಪದ ಸ್ವಿಚ್ಚು ಇಲ್ಲ, ಕಾವಲುಗಾರನಿಗೆ ಆಜ್ಞೆ ಮಾಡುವ ಅಧಿಕಾರವಿಲ್ಲ. ತನಗಿರುವ ಒಂದೇ ಉಪಾಯವನ್ನು ಆಕೆ ಬಳಸುತ್ತಾಳೆ, ಅದು ವಿವೇಕ. ದೀಪ ಹಾಕಿಸಬಲ್ಲವರು ಅದೇ ಮಾತು ಹೇಳಿದಾಗ ಅದು ವಿವೇಕವಾಗಿ ಉಳಿಯುವುದಿಲ್ಲ. ತಮ್ಮ ಹೊರೆಯನ್ನು ಎಳೆಯ ಹೆಗಲಿಗೆ ದಾಟಿಸಿದಂತಾಗುತ್ತದೆ. ಮಾತು ಒಂದೇ, ಆಡುವವರ ಸಾಮರ್ಥ್ಯಕ್ಕೆ ತಕ್ಕಂತೆ ಅದರ ನೈತಿಕ ಬೆಲೆ ಬದಲಾಗುತ್ತದೆ.

ಅಧಿಕಾರಿಗಳನ್ನು ದೂರುವುದು ಸುಲಭ. ನಮ್ಮ ಕೈಯಲ್ಲಿರುವುದನ್ನೂ ನೋಡೋಣ. ಯಾವುದೇ ಕಾಲೇಜಿನ ಸುತ್ತ ಒಂದು ಮೂಲೆಯಿರುತ್ತದೆ. ಬಾಡಿಗೆ ಕೋಣೆಗಳ ಕಸ, ಹೋಟೆಲಿನ ಎಂಜಲು, ನಮ್ಮ ನಿಮ್ಮ ಮನೆಯ ಪ್ಲಾಸ್ಟಿಕ್ ಚೀಲ ಎಲ್ಲವೂ ಸೇರುವುದು ಅಲ್ಲಿಯೇ. ನಾಯಿಗಳು ಸೇರುತ್ತವೆ, ಗಟಾರ ಕಟ್ಟುತ್ತದೆ, ನಾತಕ್ಕೆ ಯಾರೂ ಅಲ್ಲಿ ನಿಂತು ಮಾತಾಡುವುದಿಲ್ಲ. ಯಾರೂ ನಿಲ್ಲದ ಜಾಗ ಯಾರೂ ನೋಡದ ಜಾಗವಾಗುತ್ತದೆ. ಕತ್ತಲಾದ ಮೇಲೆ ಚೀಲ ಎಸೆದು ಬರುವ ಸಂಭಾವಿತನೂ, ಹೆಣ್ಣುಮಗಳನ್ನು ಕಾಡಲು ಹೊಂಚುವ ದುಷ್ಟನೂ ಬಯಸುವುದು ಒಂದನ್ನೇ: ಅಲ್ಲಿ ಯಾರ ಕಣ್ಣೂ ಬೀಳಬಾರದು. ಇಬ್ಬರ ಪಾಪ ಸಮವೆಂದು ನಾನು ಹೇಳುತ್ತಿಲ್ಲ. ಮೊದಲನೆಯವನು ಎರಡನೆಯವನಿಗೆ ಜಾಗ ಸಿದ್ಧಮಾಡಿ ಕೊಡುತ್ತಿದ್ದಾನೆ, ಅಷ್ಟೇ.

ಬಹುಜನರಿಗೆ ಸೇರಿದ ವಸ್ತುವಿಗೆ ಆರೈಕೆ ಕಡಿಮೆ ಎಂಬುದನ್ನು ಅರಿಸ್ಟಾಟಲ್ ಎಂದೋ ಗುರುತಿಸಿದ್ದ. ಸಂತ ಥಾಮಸ್ ಅಕ್ವಿನಾಸರು ಅಲಕ್ಷ್ಯವನ್ನೇ ಒಂದು ಪಾಪವೆಂದು ಎಣಿಸಿದರು. ನಾವೂ ಬಲಿಪೂಜೆಯ ಆರಂಭದಲ್ಲಿ, ಮಾಡದೆ ಬಿಟ್ಟದ್ದಕ್ಕಾಗಿಯೂ ಎದೆ ತಟ್ಟಿಕೊಳ್ಳುತ್ತೇವೆ. ಆಗ ನಮಗೆ ನೆನಪಾಗುವುದು ತಪ್ಪಿಸಿದ ಜಪಸರ. ಪಾಗಾರದಾಚೆಯ ರಸ್ತೆ ನೆನಪಾಗುವುದು ಅಪರೂಪ. (ಹಬ್ಬದ ಮರುದಿನ ಚರ್ಚಿನ ಅಂಗಳ ಗುಡಿಸಿ, ಕಾಗದದ ತಟ್ಟೆಗಳನ್ನು ಪಕ್ಕದ ಬೇಣಕ್ಕೆ ಸುರಿಯುವವರೂ ನಾವೇ!) ಕಸವನ್ನು ಬೀದಿಗೆ, ಗಟಾರಕ್ಕೆ ಎಸೆಯಬಾರದು, ಸುಡಬಾರದು, ಹಸಿ ಒಣ ಬೇರೆ ಮಾಡಬೇಕು ಎಂದು 2016ರ ಕೇಂದ್ರ ನಿಯಮಗಳೇ ಹೇಳಿದವು. ಕಾನೂನಿಗೆ ಕೊರತೆಯಿಲ್ಲ.

ಇನ್ನೊಂದು ಎಚ್ಚರಿಕೆಯೂ ಬೇಕು. ಅಮೆರಿಕೆಯ ಫಿಲಡೆಲ್ಫಿಯಾದಲ್ಲಿ 1996ರ ಒಂದು ಕೊಲೆಯ ನಂತರ ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯ ತನ್ನ ನೆರೆಯ ಬೀದಿಗಳನ್ನು ಸುಧಾರಿಸಲು ಹೊರಟಿತು. ಮನೆಗಳ ಮುಂದೆ ದೀಪ, ಗುಡಿಸುವವರು, ಕಾವಲಿನವರು, ಒಳ್ಳೆಯ ಶಾಲೆ ಎಲ್ಲವೂ ಬಂದವು. ಬಾಡಿಗೆಯೂ ಏರಿತು, ಬಡ ಕಪ್ಪುಜನರಲ್ಲಿ ಹಲವರು ಬೇರೆಡೆ ಹೋಗಬೇಕಾಯಿತು. ನೆರೆಯವನನ್ನೇ ಓಡಿಸಿ ನೆರೆಯನ್ನು ಶುಚಿಮಾಡಿದರೆ ಅದನ್ನು ಏನೆಂದು ಕರೆಯೋಣ? ನಮ್ಮ ಪೇಟೆಗಳಲ್ಲೂ ಸ್ವಚ್ಛತೆಯೆಂದರೆ ಮೀನು ಮಾರುವ ಹೆಂಗಸನ್ನು, ತಳ್ಳುಗಾಡಿಯವನನ್ನು ಎಬ್ಬಿಸುವುದೆಂದು ತಿಳಿದವರಿದ್ದಾರೆ. ರಾತ್ರಿ ಎಂಟಕ್ಕೂ ದೀಪ ಹಚ್ಚಿಕೊಂಡು ಕುಳಿತ ಆ ಗಾಡಿಯವನಿಂದಲೇ ಎಷ್ಟೋ ಹುಡುಗಿಯರು ಧೈರ್ಯವಾಗಿ ಮನೆ ಸೇರುತ್ತಾರೆ.

ಈ ವಾರ ಒಂದು ದಿನ ಸಂಜೆ ಏಳಕ್ಕೆ, ಕಾಲೇಜಿನ ಮಕ್ಕಳು ಬಸ್ಸಿಳಿಯುವಲ್ಲಿಂದ ನಿಮ್ಮ ಕೇರಿಯವರೆಗೆ ನಡೆದು ನೋಡಿರಿ. ಮಗಳನ್ನೂ ಕರೆದುಕೊಂಡು ಹೋಗಿರಿ. ಯಾವ ತಿರುವಿನಲ್ಲಿ ಬೇಗ ಹೆಜ್ಜೆ ಹಾಕಬೇಕೆಂದು ಅವಳಿಗೆ ಗೊತ್ತಿರುತ್ತದೆ. ಉರಿಯದ ದೀಪದ ಕಂಬ ಯಾವುದೆಂದು ಗುರುತು ಹಾಕಿಕೊಂಡು, ಹಳ್ಳಿಯಾದರೆ ಗ್ರಾಮ ಪಂಚಾಯಿತಿಗೆ, ಪೇಟೆಯಾದರೆ ಪುರಸಭೆಗೋ ಪಟ್ಟಣ ಪಂಚಾಯಿತಿಗೋ ಅರ್ಜಿ ಬರೆಯಿರಿ. ಆ ಕೇರಿಯ ಹಿಂದೂ, ಮುಸ್ಲಿಂ ನೆರೆಯವರ ಸಹಿಯೂ ಅದರಲ್ಲಿರಲಿ.