ಹುಲ್ಲಿನ ಕಾವಲು ಯಾರಿಗಾಗಿ?



ನಮ್ಮ ಕೂಟದ ಪತ್ರಿಕೆಗೆ ಏನಾದರೂ ಬರೆಯಿರಿ ಎಂದು ಸಂಪಾದಕರು ಎರಡು ವರ್ಷಗಳಿಂದ ಹೇಳುತ್ತಲೇ ಇದ್ದಾರೆ. ಬರೆಯುವಂಥದ್ದೇನಿದೆ ಎಂದು ತಪ್ಪಿಸಿಕೊಳ್ಳುತ್ತಿದ್ದೆ. ಈ ಸಲ ಮನೆಯಲ್ಲೇ ಒಂದು ವಾದ ಎದ್ದು, ಅದು ಇನ್ನೂ ಪೂರ್ತಿ ಮುಗಿಯದ ಕಾರಣ, ನಿಮ್ಮ ಮುಂದೆ ಇಡುತ್ತಿದ್ದೇನೆ.

ಮ್ಯೂನಿಕ್‌ನಲ್ಲಿರುವ ನಾವೆಲ್ಲ ಮಕ್ಕಳನ್ನು ಕರೆದುಕೊಂಡು ಹೆಲ್ಲಾಬ್ರುನ್ ಮೃಗಾಲಯಕ್ಕೆ ಹೋದವರೇ. ನನ್ನ ಮಗಳು ಚಿಕ್ಕವಳಿದ್ದಾಗ ಮಂಗೋಲಿಯದ ಕಾಡುಕುದುರೆಯನ್ನು ಬಹಳ ಹಚ್ಚಿಕೊಂಡಿದ್ದಳು. ಗಿಡ್ಡ ಮೈ, ಮಣ್ಣಿನ ಬಣ್ಣ, ಬ್ರಷ್ಷಿನಂತೆ ನೆಟ್ಟಗೆ ನಿಂತ ಕೇಸರ. ಯುರೋಪಿನವರು ಇದನ್ನು ಪ್ರಝೆವಾಲ್‌ಸ್ಕಿ ಕುದುರೆ ಎನ್ನುತ್ತಾರೆ, ಮಂಗೋಲಿಯದವರು ತಾಖಿ ಎನ್ನುತ್ತಾರೆ. ಈ ಕುದುರೆಗಳನ್ನು ತಾಯ್ನಾಡಿಗೆ ಮರಳಿಸುವ ಕೆಲಸಕ್ಕೆಂದು ಅವಳ ಹೆಸರಿನಲ್ಲಿ ನಾವು ಪ್ರತಿ ಡಿಸೆಂಬರಿನಲ್ಲಿ ಒಂದು ಸಂಘಕ್ಕೆ ಸ್ವಲ್ಪ ಹಣ ಕಳಿಸುತ್ತ ಬಂದಿದ್ದೇವೆ. ಈಗ ಅವಳಿಗೆ ಹದಿನಾರು ವರ್ಷ. ಮೊನ್ನೆ ಊಟದ ಹೊತ್ತಿನಲ್ಲಿ, "ಅಪ್ಪ, ಈ ಸಲ ದುಡ್ಡು ಕಳಿಸಬೇಡ" ಎಂದಳು. ಯಾಕಮ್ಮ ಎಂದರೆ, "ಕುದುರೆ ಹಿಡಿದುಕೊಂಡು ಬಂದವರು ಇಲ್ಲಿನವರು. ಅದಕ್ಕೆ ಹುಲ್ಲು ಬಿಟ್ಟುಕೊಟ್ಟವರು ಅಲ್ಲಿನ ಕುರಿಗಾಹಿಗಳು. ಇದು ನ್ಯಾಯವಾ?" ಎಂದು ಕೇಳಿದಳು. ನನ್ನ ಕೈಯ ತುತ್ತು ಕೈಯಲ್ಲೇ ಉಳಿಯಿತು.

ಅವಳು ಹೇಳಿದ್ದರಲ್ಲಿ ಸುಳ್ಳೇನೂ ಇಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಯುರೋಪಿನ ಮೃಗಾಲಯಗಳಿಗೂ ಶ್ರೀಮಂತರ ತೋಟಗಳಿಗೂ ಈ ಕುದುರೆ ಬೇಕಾಯಿತು. ದೊಡ್ಡ ಕುದುರೆಗಳನ್ನು ಹಿಡಿಯುವುದು ಆಗದ ಮಾತು. ಹಾಗಾಗಿ ಅವನ್ನು ಅಟ್ಟಿ, ಅಡ್ಡ ಬಂದವನ್ನು ಕೊಂದು, ಮರಿಗಳನ್ನು ಹಿಡಿದು, ಸಾಕುಕುದುರೆಗಳ ಹಾಲು ಕುಡಿಸಿ ಸಾಗಿಸಿದರು. 1901ರಲ್ಲಿ ಹ್ಯಾಂಬರ್ಗಿನ ಪ್ರಾಣಿ ವ್ಯಾಪಾರಿ ಕಾರ್ಲ್ ಹಾಗೆನ್‌ಬೆಕ್‌ಗಾಗಿ ಹಿಡಿದ ಮರಿಗಳಲ್ಲಿ 28 ಮಾತ್ರ ಜೀವಂತವಾಗಿ ತಲುಪಿದವು. ಎರಡನೆಯ ಮಹಾಯುದ್ಧ ಮುಗಿಯುವ ಹೊತ್ತಿಗೆ ಸೆರೆಯಲ್ಲಿ ಉಳಿದದ್ದು ಸುಮಾರು 31 ಕುದುರೆ. ತಳಿ ಮುಂದುವರಿದದ್ದು ಮುಖ್ಯವಾಗಿ ಎರಡೇ ಊರುಗಳಲ್ಲಿ: ಒಂದು ಪ್ರಾಗ್, ಇನ್ನೊಂದು ನಮ್ಮ ಮ್ಯೂನಿಕ್. ಅತ್ತ ಬಯಲಿನಲ್ಲಿ ಬೇಟೆ, ಕಠೋರ ಚಳಿ, ನೀರಿಗೂ ಹುಲ್ಲಿಗೂ ಸಾಕುಪ್ರಾಣಿಗಳೊಡನೆ ಪೈಪೋಟಿ. 1969ರಲ್ಲಿ ಗೋಬಿಯ ಅಂಚಿನಲ್ಲಿ ಒಂದು ಕುದುರೆ ಕಂಡದ್ದೇ ಕೊನೆ.

ಕಿತ್ತುಕೊಂಡವರೇ ಉಳಿಸಿದವರೂ ಆದರು. ಇದು ಮೊದಲನೆಯ ತೊಡಕು. ಕಳ್ಳತನದಲ್ಲಿ ತಂದ ದೀಪ ಒಂದೇ ಉರಿಯುತ್ತ ಉಳಿದು, ಊರಿನ ದೀಪಗಳೆಲ್ಲ ಆರಿಹೋದರೆ, ಕಳ್ಳನನ್ನು ಹೊಗಳಬೇಕೋ ಬೈಯಬೇಕೋ? ನನ್ನ ಮಟ್ಟಿಗೆ ಉತ್ತರ ಸರಳ. ದೀಪ ಉಳಿದದ್ದು ಒಳ್ಳೆಯದೇ, ಆದರೆ ಅದರಿಂದ ಅದು ಅವನ ಸ್ವತ್ತಾಗುವುದಿಲ್ಲ. ಹಿಂದಕ್ಕೆ ಕೊಡಬೇಕು.

ಹಿಂದಕ್ಕೆ ಕೊಡುವ ಕೆಲಸ ಶುರುವಾದದ್ದು ಹಾಲೆಂಡಿನಲ್ಲಿ. ಯಾನ್ ಮತ್ತು ಇಂಗೆ ಬೌಮನ್ ದಂಪತಿ 1977ರಲ್ಲಿ ಇದಕ್ಕಾಗಿಯೇ ಒಂದು ಪ್ರತಿಷ್ಠಾನ ಕಟ್ಟಿದರು. ಬೋನಿನ ಕುದುರೆಗಳನ್ನು ಮೊದಲು ದೊಡ್ಡ ಬೇಲಿಯೊಳಗಿನ ಹುಲ್ಲುಗಾವಲಿಗೆ ಬಿಟ್ಟು, ತಾವೇ ಗುಂಪು ಕಟ್ಟಿಕೊಳ್ಳುವುದನ್ನು ರೂಢಿ ಮಾಡಿಸಿದರು. 1992ರ ಜೂನ್ 5ರಂದು ಮೊದಲ ತಂಡ ವಿಮಾನದಲ್ಲಿ ಮಂಗೋಲಿಯಕ್ಕೆ ಹೋಯಿತು. 2000ದ ವರೆಗೆ ಒಟ್ಟು 84 ಕುದುರೆಗಳು ಹೀಗೆ ಹೋದವು. ಅವುಗಳಿಗಾಗಿ ಆರಿಸಿದ ಜಾಗದ ಹೆಸರು ಹುಸ್ತಾಯ್, ರಾಜಧಾನಿ ಉಲಾನ್‌ಬಾತರ್‌ನಿಂದ ಪಶ್ಚಿಮಕ್ಕೆ ಸುಮಾರು ನೂರು ಕಿಲೋಮೀಟರ್. ಹುಸ್ತಾಯ್ ಎಂದರೆ ಬರ್ಚ್ ಮರಗಳಿರುವ ಜಾಗ. ಬೆಟ್ಟಗಳ ಉತ್ತರದ ಮಗ್ಗುಲಲ್ಲಿ ತೇವ ನಿಂತು ಬರ್ಚ್ ಕಾಡು ಬೆಳೆಯುತ್ತದೆ. ಬಿಸಿಲು ಬೀಳುವ ಮಗ್ಗುಲಲ್ಲಿ ಬರೀ ಹುಲ್ಲು. ನಡುವಿನ ಕಣಿವೆಗಳಲ್ಲಿ ತೊರೆ, ಹಸಿರು ಬಯಲು. ಅಂಚಿನಲ್ಲಿ ತೂಲ್ ನದಿ. ಸುಮಾರು 50,000 ಹೆಕ್ಟೇರಿನ ಈ ಜಾಗ 1993ರಲ್ಲಿ ರಕ್ಷಿತ ಪ್ರದೇಶವಾಗಿ, 1998ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಇಂದು ಅಲ್ಲಿ ಸುಮಾರು ನಾನೂರು ತಾಖಿಗಳಿವೆ. "ವನ್ಯಸ್ಥಿತಿಯಲ್ಲಿ ನಿರ್ನಾಮ" ಎಂದು ಬರೆದಿದ್ದ ಅಂತಾರಾಷ್ಟ್ರೀಯ ಪಟ್ಟಿಯಲ್ಲಿ 2008ರಲ್ಲೂ 2011ರಲ್ಲೂ ಇವುಗಳ ಸ್ಥಾನ ಒಂದೊಂದು ಮೆಟ್ಟಿಲು ಮೇಲೆ ಬಂತು.

ಇಲ್ಲೊಂದು ಮಾತು ಗಮನಿಸಿ. ಕೊನೆಯ ಕುದುರೆ ಕಂಡದ್ದು ಹುಸ್ತಾಯ್‌ನಲ್ಲಿ ಅಲ್ಲ, ದೂರದ ಗೋಬಿಯಲ್ಲಿ. ಹಾಗಾದರೆ ಹುಸ್ತಾಯ್ ಅದರ ಮನೆ ಹೇಗಾಯಿತು? ಗೋಬಿ ಅದು ಓಡಿ ಓಡಿ ಸೇರಿದ ಕೊನೆಯ ಆಸರೆ, ಹುಲ್ಲೂ ನೀರೂ ಇದ್ದ ಬಯಲೇ ಅದರ ನಿಜವಾದ ನೆಲೆ ಎಂಬುದು ಇದನ್ನು ಆರಿಸಿದವರ ವಾದ. ಗೋಬಿಗೂ ಬೇರೆ ಕುದುರೆಗಳನ್ನು ಕಳಿಸಿದ್ದಾರೆ. 2009-10ರ ಜುಡ್, ಅಂದರೆ ಮೇವು ಸಿಗದಂತೆ ಹಿಮ ಕವಿಯುವ ಭೀಕರ ಚಳಿಗಾಲದಲ್ಲಿ, ಅಲ್ಲಿನ ತಾಖಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸತ್ತವು. ಅದೇ ಚಳಿಗೆ ಮಂಗೋಲಿಯದ ಜನ ಕಳೆದುಕೊಂಡ ಸಾಕುಪ್ರಾಣಿಗಳು 80 ಲಕ್ಷಕ್ಕೂ ಹೆಚ್ಚು.

ಈ ಅಂಕಿಯ ಹತ್ತಿರವೇ ನನ್ನ ಮಗಳು ನಿಂತುಬಿಟ್ಟಿದ್ದಳು. ಅಂಥ ಚಳಿಗಾಲದಲ್ಲಿ ಕುರಿಗಾಹಿಗೆ ಹಿಡಿ ಹುಲ್ಲು ಎಂದರೆ ಬದುಕು. ಉದ್ಯಾನವಾಗುವ ಮೊದಲು ಹುಸ್ತಾಯ್ ಕಣಿವೆಗಳಲ್ಲೂ ಮಂದೆಗಳು ಮೇಯುತ್ತಿದ್ದವು. ಈಗ ನಡುಭಾಗದಲ್ಲಿ ಮೇಯಿಸುವಂತಿಲ್ಲ, ಬಿಡಾರಗಳು ಅಂಚಿಗೆ ಸರಿದಿವೆ.

ನಾನು ಹಳ್ಳಿಯ ಗೋಮಾಳದಲ್ಲಿ ದನ ಕಾಯ್ದು ಬೆಳೆದವನು. ಮೇವಿನ ಜಾಗಕ್ಕೆ ಬೇಲಿ ಬಿದ್ದ ದಿನ ದನಗಳು ಬೇಲಿಯ ಈಚೆ ನಿಂತು ನೋಡುವ ನೋಟ ನನಗೆ ಗೊತ್ತು. ಹುಲ್ಲುಗಾವಲು ಎಂಬ ನಮ್ಮ ಮಾತಿನೊಳಗೇ ಕಾವಲು ಇದೆ. ಕಾವಲು ಎಂದ ಮೇಲೆ ಯಾರದೋ ಸಲುವಾಗಿ, ಇನ್ಯಾರನ್ನೋ ತಡೆಯುವುದೇ. ಪ್ರಕೃತಿ ರಕ್ಷಣೆ ಎಂದು ಹೇಳಿಬಿಟ್ಟರೆ ಈ ತಡೆ ಇಲ್ಲವಾಗುವುದಿಲ್ಲ, ಕಣ್ಣಿಗೆ ಕಾಣದಂತಾಗುತ್ತದೆ ಅಷ್ಟೆ.

ಹಾಗೆಂದು ಕುದುರೆಗಳನ್ನು ಮೃಗಾಲಯದಲ್ಲೇ ಬಿಡಬಹುದಿತ್ತೇ? ನನ್ನವಳು ಹಾಗೇ ಕೇಳಿದಳು: "ಇಲ್ಲಿ ಹೊತ್ತಿಗೆ ಹುಲ್ಲು, ಡಾಕ್ಟರು. ಅಲ್ಲಿ ತೋಳ, ಮೈನಸ್ ಮೂವತ್ತು ಡಿಗ್ರಿ ಚಳಿ. ಕಳಿಸುವುದು ದಯೆಯೇ?" ಹುಸ್ತಾಯ್‌ನಲ್ಲಿ ತೋಳಗಳು ಮರಿಗಳನ್ನು ಹಿಡಿಯುವುದು ನಿಜ. ಆದರೆ ಅಲ್ಲಿ ತಾಖಿ ಯಾವ ಕಣಿವೆಗೆ ಇಳಿಯಬೇಕು, ಯಾವ ಗುಂಪಿಗೆ ಸೇರಬೇಕು, ಮರಿಯನ್ನು ಹೇಗೆ ಕಾಯಬೇಕು ಎಂಬುದನ್ನು ತಾನೇ ನಿರ್ಧರಿಸುತ್ತದೆ. ಸುಖವಾಗಿ ಇರುವುದು ಒಂದು, ತನ್ನ ಬದುಕನ್ನು ತಾನು ಬದುಕುವುದು ಇನ್ನೊಂದು. ಊರು ಬಿಟ್ಟು ಬಂದ ನಮಗೆ ಈ ವ್ಯತ್ಯಾಸ ಬಿಡಿಸಿ ಹೇಳಬೇಕಾಗಿಲ್ಲ.

ಆದ್ದರಿಂದ ಮರಳಿಸಿದ್ದು ಸರಿ ಎಂದೇ ನನ್ನ ನಂಬಿಕೆ. ಅದನ್ನು ಮಂಗೋಲಿಯದವರೂ ಬಯಸಿದ್ದರು, ತಾಖಿ ಅವರ ಹೆಮ್ಮೆ. ಆದರೆ ಮರಳಿಸಿದ ಮಾತ್ರಕ್ಕೆ ಸಾಲ ತೀರಲಿಲ್ಲ, ಸಾಲದ ಒಂದು ಭಾಗ ಕುರಿಗಾಹಿಯ ಹೆಗಲಿಗೆ ಹೋಯಿತು. ಅವನೇನೂ ಮರಿ ಹಿಡಿದು ಹ್ಯಾಂಬರ್ಗಿಗೆ ಮಾರಿದವನಲ್ಲ. ನೂರು ವರ್ಷ ಟಿಕೆಟ್ಟು ಕೊಂಡು ಆ ಕುದುರೆಗಳನ್ನು ನೋಡಿ ಸಂತೋಷಪಟ್ಟವು ಈ ಊರುಗಳು. ನಾನೂ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ನೋಡಿದವನೇ. ತಪ್ಪು ನಮ್ಮದಲ್ಲದಿರಬಹುದು. ಆದರೆ ತಪ್ಪಿನಿಂದ ಬಂದ ಸಂತೋಷದಲ್ಲಿ ಪಾಲು ತೆಗೆದುಕೊಂಡವರು ಅದನ್ನು ಸರಿಪಡಿಸುವ ಖರ್ಚಿನಲ್ಲೂ ಪಾಲು ಹೊರಬೇಕು. ಆ ಖರ್ಚಿನಲ್ಲಿ ವಿಮಾನದ ಬಾಡಿಗೆಯಷ್ಟೇ ಅಲ್ಲ, ಹುಲ್ಲಿನ ಬೆಲೆಯೂ ಸೇರಿದೆ.

ಉದ್ಯಾನದವರು ಸುತ್ತಲಿನ ಕುಟುಂಬಗಳಿಗಾಗಿ ಕೆಲಸ ಮಾಡುತ್ತಾರೆ ಎಂದು ಓದಿದ್ದೇನೆ. ನಾವು ಕಳಿಸುವ ಹಣದಲ್ಲಿ ಅವರಿಗೆ ಸೇರುವುದೆಷ್ಟು ಎಂದು ನಾನು ಇಷ್ಟು ವರ್ಷ ಒಮ್ಮೆಯೂ ಕೇಳಿರಲಿಲ್ಲ. ಕೊಟ್ಟೆನಲ್ಲ ಎಂಬ ನೆಮ್ಮದಿಯೇ ಸಾಕಾಗಿತ್ತು.

ಕೊನೆಗೆ ನಾವು ಮೂವರೂ ಒಂದು ಒಪ್ಪಂದಕ್ಕೆ ಬಂದೆವು. ಹಣ ನಿಲ್ಲಿಸುವುದಿಲ್ಲ. ಆದರೆ ಅದರ ಜೊತೆ ಒಂದು ಕಾಗದ ಹೋಗುತ್ತದೆ: ನಮ್ಮ ಪಾಲಿನ ಅರ್ಧ, ಹುಲ್ಲು ಬಿಟ್ಟುಕೊಟ್ಟ ಮನೆಗಳಿಗೆ ಹೋಗುವಂತೆ ಮಾಡಲು ಸಾಧ್ಯವೇ? ಕಾಗದವನ್ನು ಜರ್ಮನ್ ಭಾಷೆಯಲ್ಲಿ ಮಗಳೇ ಬರೆದಳು, ಸಹಿ ಮೂವರದೂ ಇದೆ. ಉತ್ತರ ಬಂದ ಮೇಲೆ ಮುಂದಿನ ಸಂಚಿಕೆಯಲ್ಲಿ ತಿಳಿಸುತ್ತೇನೆ. ಅಷ್ಟರಲ್ಲಿ ನಿಮ್ಮ ಮನೆಯಲ್ಲೂ ಊಟದ ಹೊತ್ತಿಗೆ ಈ ಮಾತು ಎತ್ತಿ ನೋಡಿ. ಮಕ್ಕಳು ಏನೆಂದರು ಎಂದು ಬರೆದು ಕಳಿಸಿದರೆ ಸಂಪಾದಕರಿಗೂ ಪುಟ ತುಂಬೀತು, ನನಗೂ ಬುದ್ಧಿ ಬಂದೀತು.