ಕ್ಷಮೆ ಯಾರನ್ನು ಕೇಳಿದಂತಾಯಿತು?

2019ರ ಜನವರಿ ತಿಂಗಳೊಂದರಲ್ಲೇ ಕ್ರಿಕೆಟ್ ಜಗತ್ತು ಎರಡು ದೊಡ್ಡ ಕ್ಷಮಾಪಣೆಗಳನ್ನು ಕಂಡಿತು. ಮೊದಲನೆಯದು ಹಾರ್ದಿಕ್ ಪಾಂಡ್ಯ ಅವರದು. ‘ಕಾಫಿ ವಿತ್ ಕರಣ್’ ಎಂಬ ಟಿ.ವಿ. ಹರಟೆಯಲ್ಲಿ, ನಮ್ಮ ಮಂಗಳೂರು ಸೀಮೆಯ ಕೆ.ಎಲ್. ರಾಹುಲ್ ಅವರ ಪಕ್ಕ ಕುಳಿತು ಹೆಣ್ಣುಮಕ್ಕಳ ಬಗ್ಗೆ ಹಗುರವಾಗಿ ಮಾತಾಡಿದ್ದು ಪ್ರಸಾರವಾಗಿ ದೇಶವೇ ಸಿಟ್ಟಿಗೆದ್ದಾಗ, ಪಾಂಡ್ಯ ಟ್ವಿಟರ್‌ನಲ್ಲಿ ಕ್ಷಮೆ ಕೋರಿದರು. ಯಾರಿಗಾದರೂ ಯಾವುದೇ ರೀತಿಯಲ್ಲಿ ನೋವಾಗಿದ್ದರೆ ಕ್ಷಮಿಸಿ, ಕಾರ್ಯಕ್ರಮದ ಧಾಟಿಯಲ್ಲಿ ಕೊಚ್ಚಿಹೋದೆ ಎಂಬುದು ಅದರ ತಾತ್ಪರ್ಯ. ಎರಡನೆಯದು ಪಾಕಿಸ್ತಾನ ತಂಡದ ಅಂದಿನ ನಾಯಕ ಸರ್ಫರಾಜ್ ಅಹ್ಮದ್ ಅವರದು. ಜನವರಿ 22ರಂದು ಡರ್ಬನ್‌ನಲ್ಲಿ ಸೋಲು ಹತ್ತಿರವಾಗುತ್ತಿದ್ದಾಗ, ವಿಕೆಟ್ ಹಿಂದೆ ನಿಂತಿದ್ದ ಅವರು ದಕ್ಷಿಣ ಆಫ್ರಿಕಾದ ಬ್ಯಾಟ್ಸ್‌ಮನ್ ಆಂಡಿಲೆ ಫೆಹ್ಲುಕ್ವಾಯೊ ಅವರನ್ನು ಮೈಬಣ್ಣ ಹಿಡಿದು ಕರೆದು, ಅವರ ತಾಯಿಯನ್ನೂ ಮಾತಿಗೆ ಎಳೆದರು. ಸ್ಟಂಪಿನ ಮೈಕು ಅದನ್ನು ಲೋಕಕ್ಕೆ ಕೇಳಿಸಿತು.

ಎರಡೂ ಸಲ ಜನ ಕೇಳಿದ ಪ್ರಶ್ನೆ ಒಂದೇ. ಇದು ಮನಸ್ಸಾರೆ ಕೇಳಿದ್ದೋ, ತಂಡದಲ್ಲಿ ಜಾಗ ಉಳಿಸಿಕೊಳ್ಳಲು ಕೇಳಿದ್ದೋ? ಆಟಗಾರರ ಕ್ಷಮಾಪಣೆ ಬಂದಾಗಲೆಲ್ಲ ನಾವು ಅವರ ಎದೆಯೊಳಗೆ ಇಣುಕಲು ಹೊರಡುತ್ತೇವೆ. ಕಣ್ಣಲ್ಲಿ ನೀರು ಬಂತೇ, ದನಿ ನಡುಗಿತೇ, ಬರೆದದ್ದು ತಾವೋ ಮ್ಯಾನೇಜರೋ ಎಂದು ಪರೀಕ್ಷಿಸುತ್ತೇವೆ. ಈ ಪ್ರಶ್ನೆ ತಪ್ಪೆಂದು ನಾನು ಹೇಳುತ್ತಿಲ್ಲ. ಆದರೆ ಅದಕ್ಕಿಂತ ಮುಂಚೆ ಕೇಳಬೇಕಾದ ಇನ್ನೊಂದಿದೆ: ಕೇಳಿದ್ದು ಯಾರನ್ನು, ಯಾವುದಕ್ಕಾಗಿ? ಇದು ಏಕೆ ಮುಂಚಿನ ಪ್ರಶ್ನೆ ಎಂಬುದು ತಿಳಿಯಲು ಆಕ್ಸ್‌ಫರ್ಡಿನ ತತ್ತ್ವಜ್ಞಾನಿ ಜೆ.ಎಲ್. ಆಸ್ಟಿನ್ ಅವರ ವಿಚಾರವೊಂದನ್ನು ನೋಡಬೇಕು.

ಆಸ್ಟಿನ್ 1955ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಉಪನ್ಯಾಸಗಳನ್ನು ಕೊಟ್ಟರು. ಅವರು ತೀರಿಕೊಂಡ ಎರಡು ವರ್ಷಗಳ ಮೇಲೆ, 1962ರಲ್ಲಿ, ಅವು ಪುಸ್ತಕವಾದವು. ಅವರು ಎತ್ತಿದ ಅಂಶ ಸರಳ. ಮಾತೆಂದರೆ ಇರುವುದನ್ನು ವರ್ಣಿಸುವುದು, ಆದ್ದರಿಂದ ಮಾತು ನಿಜ ಅಥವಾ ಸುಳ್ಳು ಆಗಿರಬೇಕು ಎಂದು ತತ್ತ್ವಜ್ಞಾನಿಗಳು ಭಾವಿಸಿದ್ದರು. ಆದರೆ ಕೆಲವು ಮಾತುಗಳು ಏನನ್ನೂ ವರ್ಣಿಸುವುದಿಲ್ಲ. ಆಡಿದಾಗಲೇ ಒಂದು ಕೆಲಸ ನಡೆದುಹೋಗುತ್ತದೆ. ‘ಮಾತು ಕೊಡುತ್ತೇನೆ’ ಎಂದರೆ ಕೊಟ್ಟಂತೆ. ‘ಈ ಮನೆ ನನ್ನ ಮಗಳಿಗೆ’ ಎಂದು ಉಯಿಲಿನಲ್ಲಿ ಬರೆದರೆ ಮನೆ ಅವಳ ಪಾಲಿಗೆ ಹೋದಂತೆ. ಅಂಪೈರ್ ಔಟ್ ಎಂದರೆ ಔಟ್. ಕ್ಷಮೆ ಕೇಳುವುದನ್ನೂ ಆಸ್ಟಿನ್ ಇದೇ ಗುಂಪಿಗೆ ಸೇರಿಸಿದರು. ಅದು ಒಳಗಿನ ಬೇಗುದಿಯ ವರದಿಯಲ್ಲ, ಇನ್ನೊಬ್ಬರ ಎದುರು ಮಾಡುವ ಕೆಲಸ.

ಇಂಥ ಮಾತುಗಳು ಸೋಲುವ ಬಗೆ ಎರಡು. ಒಂದರಲ್ಲಿ ಕೆಲಸ ನಡೆಯುತ್ತದೆ, ಆದರೆ ಅದರ ದುರುಪಯೋಗವಾಗಿರುತ್ತದೆ. ನಡೆಸಿಕೊಡುವ ಮನಸ್ಸಿಲ್ಲದೆ ಮಾತು ಕೊಟ್ಟವನು ವಂಚಕ, ನಿಜ. ಆದರೂ ಅವನು ಮಾತು ಕೊಟ್ಟವನೇ. ಅದರಿಂದಲೇ ನಾಳೆ ಅವನ ಮನೆಬಾಗಿಲಿಗೆ ಹೋಗಿ ‘ಕೊಟ್ಟ ಮಾತೆಲ್ಲಿ’ ಎಂದು ಕೇಳಬಹುದು. ಇನ್ನೊಂದು ಬಗೆಯಲ್ಲಿ ಕೆಲಸವೇ ನಡೆಯುವುದಿಲ್ಲ. ಗ್ಯಾಲರಿಯಲ್ಲಿ ಕುಳಿತವರು ಎಷ್ಟೇ ಪ್ರಾಮಾಣಿಕವಾಗಿ ಔಟ್ ಎಂದು ಕೂಗಿದರೂ ಯಾರೂ ಔಟಾಗುವುದಿಲ್ಲ.

ಈ ವಿಂಗಡಣೆಯನ್ನು ನಮ್ಮ ವಿಷಯಕ್ಕೆ ತಂದರೆ ಅಚ್ಚರಿಯ ಫಲ ಸಿಗುತ್ತದೆ. ಮನಸ್ಸಿಲ್ಲದೆ ಕೇಳಿದ ಕ್ಷಮೆ ಮೊದಲ ಬಗೆಯದು. ಅದು ಕಳಪೆ, ಆದರೆ ಕ್ಷಮೆ ಹೌದು. ಕೇಳಿದವರನ್ನು ನಾಳೆ ಅದರಲ್ಲೇ ಹಿಡಿದು ನಿಲ್ಲಿಸಬಹುದು. ತಪ್ಪು ಯಾವುದೆಂದು ಹೇಳದ, ಅನ್ಯಾಯಕ್ಕೊಳಗಾದವರ ಕಡೆ ಮುಖವನ್ನೇ ಮಾಡದ ಕ್ಷಮೆ ಎರಡನೆಯ ಬಗೆಯದು. ಅದನ್ನು ಆಡಿದವರು ಎಷ್ಟೇ ಪ್ರಾಮಾಣಿಕರಾಗಿರಲಿ, ಎಷ್ಟೇ ಅತ್ತಿರಲಿ, ಕ್ಷಮೆ ಕೇಳುವ ಕೆಲಸ ಇನ್ನೂ ಬಾಕಿ ಉಳಿದಿರುತ್ತದೆ.

ಮಾತಿಗೆ ಇಷ್ಟೆಲ್ಲ ಏಕೆ, ಮೂಳೆ ಮುರಿಯಲಿಲ್ಲವಲ್ಲ ಎನ್ನುವವರಿದ್ದಾರೆ. ಅವರಿಗೆ ಉತ್ತರ ಇನ್ನೊಬ್ಬ ತತ್ತ್ವಜ್ಞಾನಿ ಪಿ.ಎಫ್. ಸ್ಟ್ರಾಸನ್ ಅವರಲ್ಲಿದೆ. 1962ರ ಒಂದು ಪ್ರಬಂಧದಲ್ಲಿ ಅವರು ಕೈ ತುಳಿದ ಉದಾಹರಣೆ ಕೊಡುತ್ತಾರೆ. ಯಾರೋ ಗೊತ್ತಿಲ್ಲದೆ ನನ್ನ ಕೈ ತುಳಿದರೂ, ತಿರಸ್ಕಾರದಿಂದ ಬೇಕೆಂದೇ ತುಳಿದರೂ ಕೈಗಾಗುವ ನೋವು ಅಷ್ಟೇ ಇರಬಹುದು. ಆದರೆ ಎರಡನೆಯದರಲ್ಲಿ ಮಾತ್ರ ನನ್ನೊಳಗೆ ಒಂದು ಬೇರೆಯೇ ಸಿಟ್ಟು ಏಳುತ್ತದೆ, ಏಕೆಂದರೆ ತುಳಿದವನು ನನ್ನನ್ನು ಯಾವ ಲೆಕ್ಕದಲ್ಲಿ ಇಟ್ಟಿದ್ದಾನೆ ಎಂಬುದು ಅಲ್ಲಿ ಬಯಲಾಗುತ್ತದೆ. ಬೈಗುಳದಲ್ಲಿ ತುಳಿತ ಇಲ್ಲ, ಈ ಲೆಕ್ಕ ಮಾತ್ರ ಇದೆ. ಆದ್ದರಿಂದ ಅದಕ್ಕೆ ಮುಲಾಮು ಸಾಲದು. ‘ನಿನ್ನನ್ನು ಕಡಿಮೆ ಎಣಿಸಿದೆ, ಹಾಗೆ ಎಣಿಸುವ ಹಕ್ಕು ನನಗಿರಲಿಲ್ಲ’ ಎಂದು ಎಣಿಸಿದವರೇ ಒಪ್ಪಬೇಕು.

ಈ ಒಪ್ಪಿಗೆಯ ಬದಲು ಬರುವ ‘ನೋವಾಗಿದ್ದರೆ’ ಎಂಬ ಷರತ್ತು ಆಟಗಾರರ ಹೇಳಿಕೆಗಳಲ್ಲಿ ಎಷ್ಟು ಸಲ ಬರುತ್ತದೆಂದರೆ, ಅದಿಲ್ಲದೆ ಕ್ಷಮೆ ಕೇಳಲು ಬರುವುದೇ ಇಲ್ಲವೇನೋ ಎನಿಸುತ್ತದೆ. ಷರತ್ತು ಯಾವಾಗಲೂ ಕೆಟ್ಟದ್ದಲ್ಲ. ಮದುವೆ ಮುಗಿಸಿ ಬೀಗರನ್ನು ಕಳಿಸಿಕೊಡುವಾಗ ‘ಏನಾದರೂ ಕೊರತೆಯಾಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ’ ಎನ್ನುತ್ತೇವೆ. ಜೈನರು ದಶಲಕ್ಷಣ ಪರ್ವ ಮುಗಿದ ಮೇಲೆ ಕ್ಷಮಾವಣಿಯ ದಿನ, ತಿಳಿದೋ ತಿಳಿಯದೆಯೋ ಆದ ಅಪರಾಧಗಳಿಗೆ ಎಲ್ಲರ ಕ್ಷಮೆ ಬೇಡುತ್ತಾರೆ. ಅಲ್ಲಿ ಷರತ್ತು ಸತ್ಯವಾದದ್ದು: ತಪ್ಪು ಎಲ್ಲಿ ಆಗಿದೆಯೋ ಕೇಳುವವರಿಗೇ ಗೊತ್ತಿಲ್ಲ, ಗೊತ್ತಿಲ್ಲದಿದ್ದರೂ ಹೊಣೆ ಹೊರಲು ಸಿದ್ಧ ಎನ್ನುವ ದೊಡ್ಡ ಮನಸ್ಸು ಅದು. ಕ್ಯಾಮೆರಾ ಎದುರು ಆಡಿದ, ಲಕ್ಷಾಂತರ ಜನ ನೋಡಿದ ಮಾತಿಗೆ ಅದೇ ಷರತ್ತು ಹಾಕಿದಾಗ ಅರ್ಥ ತಲೆಕೆಳಗಾಗುತ್ತದೆ. ತಪ್ಪು ನನ್ನ ಮಾತಿನಲ್ಲಿ ಇದೆಯೋ ಇಲ್ಲವೋ ಎಂಬುದನ್ನು ಈಗ ನಿಮ್ಮ ನೋವು ತೀರ್ಮಾನಿಸಬೇಕು. ನೋಯದವರಿಗೆ ನಾನೇನೂ ಮಾಡಿಲ್ಲ ಎಂದಾಗುತ್ತದೆ.

ಸರ್ಫರಾಜ್ ಪ್ರಕರಣ ನನಗೆ ಮುಖ್ಯವೆನಿಸುವುದು ಇಲ್ಲೇ. ಮರುದಿನ ಅವರು ಟ್ವಿಟರ್‌ನಲ್ಲಿ ಹೇಳಿದ್ದು: ಯಾರಿಗಾದರೂ ಬೇಸರವಾಗಿದ್ದರೆ ಕ್ಷಮಿಸಿ, ನಿರ್ದಿಷ್ಟವಾಗಿ ಯಾರನ್ನೂ ಉದ್ದೇಶಿಸಿರಲಿಲ್ಲ, ಎದುರಾಳಿಗೆ ಅರ್ಥವಾಗಲೆಂದು ಆಡಿದ್ದೂ ಅಲ್ಲ. ಕೊನೆಯ ಮಾತು ನಿಜವೂ ಇರಬಹುದು, ಆಡಿದ್ದು ಉರ್ದುವಿನಲ್ಲಿ. ಆದರೆ ಆ ಸಮರ್ಥನೆಯನ್ನು ಸ್ವಲ್ಪ ಹೊತ್ತು ಕೈಯಲ್ಲಿ ಹಿಡಿದು ನೋಡಿ. ಕೇಳಿಸಿಕೊಂಡವರಿಗೆ ಅರ್ಥವಾಗದಿದ್ದರೆ ಅನ್ಯಾಯವಿಲ್ಲ ಎಂದಾದರೆ, ಬೇರೆ ಭಾಷೆಯವರ ಮುಖದೆದುರು ನಗುತ್ತಲೇ ಏನನ್ನಾದರೂ ಅನ್ನಬಹುದು. ಬೆಂಗಳೂರಿನಲ್ಲಿ ಈಶಾನ್ಯ ರಾಜ್ಯಗಳಿಂದ ಬಂದ ಹುಡುಗ ಹುಡುಗಿಯರ ಬೆನ್ನ ಹಿಂದೆ ಕನ್ನಡದಲ್ಲಿ ಆಡುವ ಮಾತುಗಳಿಗೂ ಇದೇ ರಕ್ಷಣೆ ಸಿಕ್ಕೀತು. ಸ್ಟ್ರಾಸನ್ ಹೇಳುವ ಹಾಗೆ ಅನ್ಯಾಯ ಇರುವುದು ಎಣಿಕೆಯಲ್ಲಿ. ಕೇಳುವವರಿಗೆ ತಲುಪಿದರೆ ನೋವು ಹೆಚ್ಚುತ್ತದೆ, ತಲುಪದಿದ್ದ ಮಾತ್ರಕ್ಕೆ ಎಣಿಕೆ ಸರಿಹೋಗುವುದಿಲ್ಲ.

ಆ ಮೊದಲ ಹೇಳಿಕೆ ಆಸ್ಟಿನ್ ಅಳತೆಯಲ್ಲಿ ಕ್ಷಮಾಪಣೆಯೇ ಅಲ್ಲ. ಯಾರನ್ನೂ ಉದ್ದೇಶಿಸಿರಲಿಲ್ಲ ಎಂದಮೇಲೆ ಕ್ಷಮಿಸಬೇಕಾದವರೂ ಯಾರೂ ಇಲ್ಲ. ಆದರೆ ಕೆಲವೇ ದಿನಗಳಲ್ಲಿ ಸರ್ಫರಾಜ್ ಇನ್ನೊಂದು ಕೆಲಸ ಮಾಡಿದರು. ಫೆಹ್ಲುಕ್ವಾಯೊ ಅವರನ್ನೇ ಭೇಟಿಯಾಗಿ, ಎದುರು ನಿಂತು ಕ್ಷಮೆ ಕೇಳಿದರು. ಅವರು ಒಪ್ಪಿದರು. ಈಗ ಮಾತಿಗೊಂದು ವಿಳಾಸ ಸಿಕ್ಕಿತು. ಇಷ್ಟಾದರೂ ಐಸಿಸಿ ಸರ್ಫರಾಜ್ ಅವರನ್ನು ನಾಲ್ಕು ಪಂದ್ಯಗಳಿಂದ ಹೊರಗಿಟ್ಟಾಗ ಪಾಕಿಸ್ತಾನದ ಕ್ರಿಕೆಟ್ ಮಂಡಳಿ ಅಸಮಾಧಾನಗೊಂಡಿತು: ಕ್ಷಮಿಸಿಯಾದ ಮೇಲೆ ಶಿಕ್ಷೆ ಏಕೆ? ನನಗೆ ಇದರಲ್ಲಿ ವಿರೋಧವೇನೂ ಕಾಣುವುದಿಲ್ಲ. ಫೆಹ್ಲುಕ್ವಾಯೊ ಬಿಟ್ಟುಕೊಟ್ಟದ್ದು ತಮ್ಮ ಸಿಟ್ಟನ್ನು. ಮೈಬಣ್ಣ ಹಿಡಿದು ಯಾರನ್ನೂ ಹೀಗಳೆಯಬಾರದು ಎಂಬ ನಿಯಮ ಅವರೊಬ್ಬರ ಸ್ವತ್ತಲ್ಲ, ಅದನ್ನು ಮನ್ನಾ ಮಾಡುವುದು ಅವರ ಕೈಯಲ್ಲೂ ಇಲ್ಲ.

ಇದಕ್ಕಿಂತ ಕಷ್ಟದ ಪ್ರಕರಣ ನಮ್ಮ ದೇಶದ್ದೇ. 2020ರ ಲಾಕ್‌ಡೌನ್ ದಿನಗಳಲ್ಲಿ ಯುವರಾಜ್ ಸಿಂಗ್, ರೋಹಿತ್ ಶರ್ಮಾ ಜೊತೆ ಇನ್‌ಸ್ಟಾಗ್ರಾಂನಲ್ಲಿ ಹರಟುತ್ತಾ ಯಜುವೇಂದ್ರ ಚಹಲ್ ಅವರ ಬಗ್ಗೆ ತಮಾಷೆಗೆ ಒಂದು ಪದ ಬಳಸಿದರು. ತಲೆತಲಾಂತರದಿಂದ ಊರ ಮಲ ಎತ್ತುವ ಕೆಲಸಕ್ಕೆ ದೂಡಲ್ಪಟ್ಟ ದಲಿತ ಸಮುದಾಯವೊಂದರ ಹೆಸರು ಅದು. ಜೂನ್‌ನಲ್ಲಿ ಯುವರಾಜ್, ತಮ್ಮ ಮಾತನ್ನು ತಪ್ಪಾಗಿ ತಿಳಿಯಲಾಗಿದೆ, ಅರಿಯದೆ ಯಾರ ಭಾವನೆಗಾದರೂ ಧಕ್ಕೆಯಾಗಿದ್ದರೆ ವಿಷಾದಿಸುತ್ತೇನೆ ಎಂದರು. ಮುಂದೆ ಹರಿಯಾಣದಲ್ಲಿ ಪೊಲೀಸ್ ಪ್ರಕರಣ ದಾಖಲಾಗಿ, 2021ರಲ್ಲಿ ಬಂಧನ, ಜಾಮೀನು ಎಲ್ಲ ಆಯಿತು.

ಇಲ್ಲಿ ಕ್ಷಮಿಸಬೇಕಾದವರು ಯಾರು? ಗೆಳೆಯನೇ ತಮಾಷೆ ಮಾಡಿದ್ದರಿಂದ ಚಹಲ್ ನಕ್ಕು ಸುಮ್ಮನಾಗಬಹುದು. ಅವರು ನಕ್ಕರೆ ಏನೂ ಮುಗಿಯುವುದಿಲ್ಲ. ಆ ಪದ ಬೈಗುಳವಾಗಲು ಸಾಧ್ಯವಾದದ್ದೇ, ಆ ಸಮುದಾಯದವರಂತೆ ಇರುವುದು ನಾಚಿಕೆಗೇಡು ಎಂದು ಆಡಿದವರೂ ಕೇಳಿದವರೂ ಮೊದಲೇ ಒಪ್ಪಿಕೊಂಡಿರುವುದರಿಂದ. ಚಹಲ್ ಕೇವಲ ನೆಪ. ಏಟು ಬಿದ್ದದ್ದು ಆ ಹರಟೆಯಲ್ಲಿ ಇಲ್ಲದವರ ಮೇಲೆ. ನಾವೂ ಜಗಳಕ್ಕೆ, ಸಲಿಗೆಗೆ, ಕೊಳಕು ಬಟ್ಟೆ ಹಾಕಿದ ಮಗುವನ್ನು ಗದರುವುದಕ್ಕೆ ಜಾತಿಯ ಹೆಸರುಗಳನ್ನು ಎತ್ತುತ್ತಲೇ ಬಂದಿದ್ದೇವೆ. ಪಕ್ಕದಲ್ಲಿ ಆ ಜಾತಿಯವರು ಯಾರೂ ಇಲ್ಲ ಎಂಬ ಧೈರ್ಯ ಬೇರೆ. ಇಂಥ ಮಾತಿಗೆ ಕ್ಷಮೆ ಕೇಳುವುದು ನಿಜಕ್ಕೂ ಕಷ್ಟ. ಲಕ್ಷಾಂತರ ಜನರ ಪರವಾಗಿ ‘ಕ್ಷಮಿಸಿದ್ದೇವೆ’ ಎನ್ನಲು ಯಾರಿಗೂ ಅಧಿಕಾರವಿಲ್ಲ. ಆದರೆ ಕ್ಷಮಿಸುವವರು ಸಿಗುವುದಿಲ್ಲವೆಂದು ಕೇಳುವ ಹೊಣೆ ತಪ್ಪುವುದಿಲ್ಲ. ಸಮುದಾಯದ ಹೆಸರನ್ನು ಗೌರವದಿಂದ ಹೇಳಿ, ಆ ಹೆಸರನ್ನು ಬೈಗುಳವಾಗಿ ಬಳಸಿದ್ದು ಅನ್ಯಾಯ ಎಂದು ಷರತ್ತಿಲ್ಲದೆ ಹೇಳುವುದು ಸಾಧ್ಯವಿತ್ತು. ಅಷ್ಟನ್ನೂ ಹೇಳದೆ ‘ಯಾರ ಭಾವನೆಗಾದರೂ’ ಎಂದದ್ದು ನನ್ನನ್ನು ಇಂದಿಗೂ ನೋಯಿಸುತ್ತದೆ.

ಪಾಂಡ್ಯ, ರಾಹುಲ್ ಪ್ರಕರಣದ ಕೊನೆಯಲ್ಲೂ ವಿಳಾಸ ತಪ್ಪಿತು. ಅವರನ್ನು ಅಮಾನತು ಮಾಡಿ ಆಸ್ಟ್ರೇಲಿಯಾದಿಂದ ವಾಪಸು ಕರೆಸಿದರು. ಏಪ್ರಿಲ್‌ನಲ್ಲಿ ಬಿಸಿಸಿಐ ಒಂಬುಡ್ಸ್‌ಮನ್ ಡಿ.ಕೆ. ಜೈನ್ ತಲಾ 20 ಲಕ್ಷ ರೂಪಾಯಿ ದಂಡ ವಿಧಿಸಿದರು: ಕರ್ತವ್ಯದಲ್ಲಿ ಮಡಿದ ಹತ್ತು ಅರೆಸೇನಾ ಪೇದೆಗಳ ಕುಟುಂಬಗಳಿಗೆ ತಲಾ ಒಂದು ಲಕ್ಷ, ಅಂಧರ ಕ್ರಿಕೆಟ್ ನಿಧಿಗೆ ಹತ್ತು ಲಕ್ಷ. ಎರಡೂ ಒಳ್ಳೆಯ ಕೆಲಸ. ಆದರೆ ಹರಕೆ ತಪ್ಪಿದವರು ತಪ್ಪುಕಾಣಿಕೆ ಹಾಕುವಾಗಲೂ ಯಾವ ದೇವರಿಗೆ ಹೊತ್ತಿದ್ದರೋ ಆ ದೇವರ ಹುಂಡಿಯನ್ನೇ ಹುಡುಕಿಕೊಂಡು ಹೋಗುತ್ತಾರೆ. ಹೆಣ್ಣುಮಕ್ಕಳಿಗೆ ಮಾಡಿದ ಅವಮಾನಕ್ಕೆ ಹಾಕಿದ ದಂಡ ಆ ಅವಮಾನದ ಕಡೆಗೇ ಮುಖ ಮಾಡಲಿಲ್ಲ.

ಹಾಗಾದರೆ ಪ್ರಾಮಾಣಿಕತೆಗೆ ಬೆಲೆಯೇ ಇಲ್ಲವೇ? ಇದೆ, ಆದರೆ ಅದು ಹೇಳಿಕೆಯ ದಿನ ಕಾಣಿಸುವ ವಸ್ತುವಲ್ಲ. ಸಮಾಜಶಾಸ್ತ್ರಜ್ಞ ಅರ್ವಿಂಗ್ ಗಾಫ್‌ಮನ್ 1971ರಲ್ಲಿ ಬರೆದಂತೆ, ಕ್ಷಮೆ ಕೇಳುವವರು ತಮ್ಮನ್ನು ಎರಡು ಪಾಲು ಮಾಡಿಕೊಳ್ಳುತ್ತಾರೆ: ತಪ್ಪು ಮಾಡಿದ ಒಂದು ಪಾಲು, ಅದನ್ನು ತಪ್ಪೆಂದು ಖಂಡಿಸಿ ಉಳಿದವರ ಜೊತೆ ನಿಲ್ಲುವ ಇನ್ನೊಂದು ಪಾಲು. ಇಂಗ್ಲೆಂಡಿನ ಬೌಲರ್ ಆಲಿ ರಾಬಿನ್ಸನ್ 2021ರ ಜೂನ್‌ನಲ್ಲಿ ಲಾರ್ಡ್ಸ್‌ನಲ್ಲಿ ಮೊದಲ ಟೆಸ್ಟ್ ಆಡುತ್ತಿದ್ದ ದಿನವೇ, ಹದಿಹರೆಯದಲ್ಲಿ ಬರೆದ ಜನಾಂಗದ್ವೇಷದ ಟ್ವೀಟುಗಳು ಹೊರಬಿದ್ದಾಗ, ಸಂಜೆಗೇ ಕ್ಷಮೆ ಕೇಳಿ ತಾನು ಅಂಥವನಲ್ಲ ಎಂದರು. ನಿಜವೇ ಇರಬಹುದು. ಆದರೆ ಎರಡನೆಯ ಪಾಲು ಹುಟ್ಟಿದೆಯೆಂದು ಮೊದಲ ಪಾಲು ಅದೇ ಸಂಜೆ ಪ್ರಮಾಣಪತ್ರ ಕೊಡಲಾಗದು.

ಆ ಎರಡನೆಯ ಪಾಲು ತಡವಾಗಿ ಕಾಣಿಸಿಕೊಂಡ ಒಂದು ಉದಾಹರಣೆ ಇದೆ. ಅಮೆರಿಕದ ಬ್ಯಾಸ್ಕೆಟ್‌ಬಾಲ್ ಆಟಗಾರ ಕೋಬಿ ಬ್ರಯಂಟ್ 2011ರ ಏಪ್ರಿಲ್‌ನಲ್ಲಿ ರೆಫರಿಯೊಬ್ಬರ ಮೇಲೆ ಸಿಟ್ಟಾಗಿ ಸಲಿಂಗಿಗಳನ್ನು ಹೀಗಳೆಯುವ ಬೈಗುಳ ಬಳಸಿದರು. ಒಂದು ಲಕ್ಷ ಡಾಲರ್ ದಂಡ ಬಿತ್ತು. ಅವರ ಅಂದಿನ ಹೇಳಿಕೆಯೂ ಹತಾಶೆಯಲ್ಲಿ ಬಂದ ಮಾತು, ಅಕ್ಷರಶಃ ತೆಗೆದುಕೊಳ್ಳಬೇಡಿ ಎಂಬ ಜಾತಿಯದೇ. ಅವರನ್ನು ಆದರ್ಶವೆಂದು ಎತ್ತಿಹಿಡಿಯುತ್ತಿಲ್ಲ. ಅವರ ಬದುಕಿನ ಮೇಲೆ ಇದಕ್ಕಿಂತ ಭಾರವಾದ ಆರೋಪವೂ ಇತ್ತು. ಆದರೆ 2013ರ ಫೆಬ್ರವರಿಯಲ್ಲಿ ಟ್ವಿಟರ್‌ನಲ್ಲಿ ಇಬ್ಬರು ಅದೇ ಬಗೆಯ ಬೈಗುಳ ಬಳಸುತ್ತಿದ್ದಾಗ, ಹಾಗೆ ಮಾತಾಡುವುದು ಸರಿಯಲ್ಲವೆಂದು ಕೋಬಿ ತಾವಾಗಿ ತಡೆದರು. ತಕ್ಷಣ ಒಬ್ಬರು 2011ರ ಘಟನೆಯನ್ನು ನೆನಪಿಸಿ ಹಂಗಿಸಿದರು. ಅದು ತಮ್ಮ ಅಜ್ಞಾನವಾಗಿತ್ತು, ಅದರ ಹೊಣೆ ತಮ್ಮದೇ, ಅದರಿಂದ ಕಲಿತಿದ್ದೇನೆ, ಬೇರೆಯವರಿಂದಲೂ ಅದನ್ನೇ ನಿರೀಕ್ಷಿಸುತ್ತೇನೆ ಎಂದರು ಅವರು. ಆ ಉತ್ತರದಲ್ಲಿ ಷರತ್ತಿರಲಿಲ್ಲ, ಹತಾಶೆಯ ನೆಪವೂ ಇರಲಿಲ್ಲ, ಹಾಗೆ ಉತ್ತರಿಸಿ ಎಂದು ಆಗ ಯಾವ ಲೀಗೂ ಅವರಿಗೆ ಹೇಳಿರಲಿಲ್ಲ.