ನೋಟಕನ ಅಧಿಕಾರ

ಪೂಜೆಗೆಂದು ಬಂದವನಲ್ಲ, ಹರಕೆ ಹೊತ್ತವನಲ್ಲ, ಕೆಲವೊಮ್ಮೆ ಆ ಮತಕ್ಕೆ ಸೇರಿದವನೂ ಅಲ್ಲ. ಊರು ನೋಡಬೇಕೆಂದು ಹೊರಟ ಒಂಟಿ ಪ್ರವಾಸಿಯು ದಾರಿಯಲ್ಲಿ ಎದುರಾದ ದೇವಾಲಯವನ್ನೋ ಇಗರ್ಜಿಯನ್ನೋ ಹೊಕ್ಕು, ಕೈಮುಗಿದವರ ಮತ್ತು ಮೊಣಕಾಲೂರಿದವರ ನಡುವೆ ಮೌನವಾಗಿ ನಿಂತು, ಕಣ್ತುಂಬ ನೋಡಿ ಹೊರಬರುತ್ತಾನೆ. ಅವನು ಅಲ್ಲಿ ಮಾಡಿದುದೇನು? ಅಪಚಾರವೋ, ವ್ಯರ್ಥ ಕುತೂಹಲವೋ, ಅಥವಾ ಧರ್ಮದ ಅಂಗಳದಲ್ಲಿ ಅದಕ್ಕೂ ಒಂದು ಸ್ಥಾನ ಉಂಟೋ? ವಾಮದಪದವಿನಿಂದ ಬೆಳಗಿನ ಬಸ್ಸು ಹಿಡಿದು, ಬಂಟ್ವಾಳ, ಬಿ.ಸಿ.ರೋಡುಗಳನ್ನು ದಾಟಿ, ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್ಸುನಿಲ್ದಾಣದಲ್ಲಿ ಇಳಿದು, ಜೊತೆಗಾರರಿಲ್ಲದೆ ಸಂಜೆಯ ತನಕ ಆ ಪಟ್ಟಣದಲ್ಲಿ ಅಲೆದಾಗ ಈ ಪ್ರಶ್ನೆಯು ನನ್ನನ್ನು ಬಿಡದೆ ಹಿಂಬಾಲಿಸಿತು. ಅದಕ್ಕೆ ಉತ್ತರವನ್ನು ಹುಡುಕುವುದು ಇಂದಿನ ಕಾಲದಲ್ಲಿ ಅವಶ್ಯವೆಂದೂ ತೋರಿತು.

ನಮ್ಮ ಕಡೆಯ ದೈವಗಳ ನೇಮಗಳಲ್ಲಿ ಕೇವಲ ನೋಟಕನೆಂಬವನೇ ಇಲ್ಲ. ಗಗ್ಗರ ಕಟ್ಟಿ, ಅಣಿ ಏರಿಸಿ ನಿಂತ ದೈವವು ಗುತ್ತಿನವರನ್ನು ಕರೆಯುತ್ತದೆ, ಹತ್ತು ಸಮಸ್ತರನ್ನು ಕರೆಯುತ್ತದೆ, ನುಡಿ ಕೊಡುತ್ತದೆ. ಅಂಗಳದ ಅಂಚಿನಲ್ಲಿ ಅಡಕೆಮರಕ್ಕೊರಗಿ ನಿಂತವನೂ ಆ ಸಮಸ್ತರಲ್ಲಿ ಒಬ್ಬನೇ. ಇಂಥ ಕಣ್ಣಿನಿಂದ ಬೆಳೆದವನಿಗೆ, ಯಾವ ಊರಿನವನು ಎಂದು ಕೂಡ ವಿಚಾರಿಸದೆ ಒಳಕ್ಕೆ ಬಿಡುವ ಪಟ್ಟಣದ ಸನ್ನಿಧಿಗಳು ಮೊದಲಿಗೆ ಒಂದು ಬಗೆಯ ಅನಾಥಭಾವವನ್ನೇ ಉಂಟುಮಾಡುತ್ತವೆ. ನಾನು ಅಲ್ಲಿ ಯಾರಿಗೂ ಬೇಕಾದವನಲ್ಲ. ಆದರೂ ಬಾಗಿಲು ತೆರೆದಿದೆ.

ಕದ್ರಿಯಲ್ಲಿ ಮಂಜುನಾಥನಿಗೆ ನಮಸ್ಕರಿಸಿದ ಮೇಲೆ ನಾನು ಬಹಳ ಹೊತ್ತು ನಿಂತದ್ದು ಲೋಕೇಶ್ವರನ ಲೋಹವಿಗ್ರಹದ ಎದುರು. ಮೂರು ಮುಖ, ಆರು ಕೈ, ಪದ್ಮಾಸನ. ಎದುರಿನ ಮುಖದಲ್ಲಿ ಬೇಡಿದವನ ಮಾತನ್ನು ಪೂರ್ತಿ ಕೇಳಿ ಮುಗಿಸಿದವನ ಪ್ರಶಾಂತಿ. ಪೀಠದ ಶಾಸನವು ಹೇಳುವಂತೆ ಇದನ್ನು ಕ್ರಿ.ಶ. 968ರಲ್ಲಿ ಕದಿರಿಕಾ ವಿಹಾರದಲ್ಲಿ ಪ್ರತಿಷ್ಠಾಪಿಸಿದವನು ಆಳುಪ ಅರಸನಾದ ಕುಂದವರ್ಮ. ವಿಹಾರವೆಂದರೆ ಬೌದ್ಧರದು, ಲೋಕೇಶ್ವರನೆಂದರೆ ಕರುಣಾಮೂರ್ತಿಯಾದ ಬೋಧಿಸತ್ತ್ವ. ಆದರೆ ಅದೇ ಶಾಸನದಲ್ಲಿ ಅರಸನು ಚಂದ್ರಶೇಖರನಾದ ಶಿವನ ಪಾದಕಮಲದ ಭ್ರಮರನೆಂದು ವರ್ಣಿತನಾಗಿದ್ದಾನೆ. ಮುಂದೆ ನಾಥಪಂಥದ ಜೋಗಿಗಳು ಇಲ್ಲಿ ನೆಲೆಸಿದರು. ಇಂದಿಗೂ ಜೋಗಿಮಠವು ಆ ಗುಡ್ಡದ ಮೇಲೆಯೇ ಇದೆ. ಇಂದು ಕೈಮುಗಿಯುವ ಬಹುಮಂದಿಗೆ ಆ ವಿಗ್ರಹವು ಶಿವಸನ್ನಿಧಿಯ ಒಂದು ದೇವತೆ. ಸಾವಿರ ವರ್ಷಗಳಲ್ಲಿ ಎಷ್ಟು ಬಗೆಯ ದೃಷ್ಟಿಗಳು ಆ ಮುಖದ ಮೇಲೆ ಬಿದ್ದು ಹೋಗಿರಬಹುದೆಂದು ಯೋಚಿಸಿದಾಗ, ಅದನ್ನು ನೋಡುವ ಅಧಿಕಾರವು ಒಂದೇ ಮತದವರಿಗೆ ಸೇರಿದ್ದೆಂದು ಹೇಳಲು ನಾಲಿಗೆ ಏಳುವುದಿಲ್ಲ. ಪ್ರತಿಷ್ಠಾಪಿಸಿದವನೇ ಪರಧರ್ಮದ ಮೂರ್ತಿಯನ್ನು ಗೌರವದಿಂದ ನೋಡಿದ ಮೊದಲನೆಯ ನೋಟಕ.

ದಿನವೆಲ್ಲ ಹೀಗೆಯೇ ಇತ್ತೆಂದಲ್ಲ. ಒಂದು ಸನ್ನಿಧಿಯಲ್ಲಿ ತುಸು ಹೆಚ್ಚು ಹೊತ್ತು ನಿಂತುದಕ್ಕೆ ಗದರಿಸಿ ಮುಂದಕ್ಕೆ ದೂಡಿದರು; ರಿಕ್ಷಾದವನೊಬ್ಬನು ನ್ಯಾಯಕ್ಕಿಂತ ಹೆಚ್ಚು ಬಾಡಿಗೆ ಕೇಳಿದನು; ಬಂದರಿನ ಬೀದಿಯಲ್ಲಿ ಮೀನಿನ ವಾಸನೆ, ಲಾರಿಗಳ ನೂಕುನುಗ್ಗಲು, ನಡುಮಧ್ಯಾಹ್ನದ ಸೆಕೆ ಇವೆಲ್ಲ ಸೇರಿ ಮನಸ್ಸು ಕುಗ್ಗಿತು. ಝೀನತ್ ಬಕ್ಷ್ ಮಸೀದಿಯನ್ನು ಹೊರಗಿನಿಂದಲೇ ಕಂಡೆ. ಟಿಪ್ಪುಸುಲ್ತಾನನು 1784ರಲ್ಲಿ ಕರಿಕಲ್ಲಿನಿಂದ ಕಟ್ಟಿಸಿದ ಸುಲ್ತಾನ್ ಬತ್ತೇರಿಯ ಮೆಟ್ಟಿಲೇರಿ ಹೊಳೆಯನ್ನು ನೋಡಿದಾಗ ಮಾತ್ರ ಜೀವ ಬಂದಂತಾಯಿತು; ಏಕೆಂದರೆ ಅಲ್ಲಿ ಗುರುಪುರ ಹೊಳೆಯೆಂದು ಕರೆಸಿಕೊಳ್ಳುವ ಆ ನೀರು ನಮ್ಮ ವೇಣೂರಿನ ಗೊಮ್ಮಟನ ಮಗ್ಗುಲಲ್ಲಿ ಹರಿದು ಬಂದ ಫಲ್ಗುಣಿಯೇ.

ಆ ಗೊಮ್ಮಟನೇ ನನ್ನ ಪ್ರಶ್ನೆಗೆ ಒಂದು ದಾರಿ ತೋರಿಸಿದನೆಂದು ಹೇಳಬೇಕು. 1604ರಲ್ಲಿ ತಿಮ್ಮಣ್ಣ ಅಜಿಲನು ನಿಲ್ಲಿಸಿದ ಆ ಮೂವತ್ತೈದು ಅಡಿಯ ಮೂರ್ತಿಯು ಭಕ್ತನಿಗೆ ಏನನ್ನೂ ಕೊಡುವುದಿಲ್ಲ. ಜೈನಸಿದ್ಧಾಂತದ ಪ್ರಕಾರ ಮುಕ್ತನಾದವನು ವರಪ್ರದನಲ್ಲ, ಶಾಪದಾತನಲ್ಲ. ನಮ್ಮ ಸ್ತೋತ್ರದಿಂದ ಅವನು ಹಿಗ್ಗುವುದಿಲ್ಲ, ನಿಂದೆಯಿಂದ ಕುಗ್ಗುವುದಿಲ್ಲ. ವೈದಿಕ ದೇವಾಲಯದಲ್ಲಿ ನಾವು ದೇವರನ್ನು ನೋಡುವಂತೆ ದೇವರೂ ನಮ್ಮನ್ನು ನೋಡುತ್ತಾನೆಂಬ ನಂಬಿಕೆಯುಂಟು. ಬಸದಿಯಲ್ಲಾದರೋ ನೋಡುವ ಭಾರವೆಲ್ಲ ನೋಡುವವನದೇ, ಆ ವೀತರಾಗನ ಗುಣಗಳನ್ನು ತನ್ನಲ್ಲಿ ಬೆಳೆಸಿಕೊಳ್ಳುವುದೇ ವಂದನೆಯ ಫಲ. ಪ್ರತಿಫಲವನ್ನು ಅಪೇಕ್ಷಿಸದೆ ನೋಡುವುದು ಪೂಜೆಯಾಗಬಲ್ಲುದೆಂದು ನಮ್ಮ ನೆಲದ ಒಂದು ಪ್ರಾಚೀನ ಧರ್ಮವೇ ಒಪ್ಪಿರುವಾಗ, ಏನನ್ನೂ ಬೇಡದೆ ನಿಂತ ಪ್ರವಾಸಿಯನ್ನು ಹಗುರವಾಗಿ ಕಾಣುವುದು ಸಲ್ಲದು.

ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಮಂದಿರದಲ್ಲಿ ಈ ಭಾವವು ಇನ್ನೂ ದೃಢವಾಯಿತು. ಇಟಲಿಯಿಂದ ಬಂದ ಆಂಟೋನಿಯೋ ಮೊಸ್ಕೇನಿಯೆಂಬ ಯೇಸುಸಭೆಯ ಸಹೋದರನು 1899ರಿಂದ 1901ರವರೆಗೆ ಅದರ ಗೋಡೆ ಮಾಡುಗಳನ್ನೆಲ್ಲ ಚಿತ್ರಗಳಿಂದ ತುಂಬಿದನು. ರೋಮಿನಲ್ಲಿ ಪ್ಲೇಗಿನ ರೋಗಿಗಳ ಶುಶ್ರೂಷೆ ಮಾಡಿ, 1591ರಲ್ಲಿ ಇಪ್ಪತ್ತಮೂರರ ಹರೆಯದಲ್ಲೇ ತೀರಿಕೊಂಡ ಅಲೋಶಿಯಸ್ ಗೊನ್ಜಾಗನ ಚರಿತ್ರೆಯು ಅಲ್ಲಿ ತಲೆಯ ಮೇಲೆ ಹರಡಿದೆ. ಬಾಗಿಲಲ್ಲಿ ನಿಂತವನಿಗೆ ಕೆತ್ತನೆಯೆಂದು ತೋರುವ ಅಂಚುಗಳು ಹತ್ತಿರ ಹೋದಂತೆ ಬರಿಯ ಬಣ್ಣವೆಂದು ತಿಳಿಯುತ್ತವೆ. ಕತ್ತೆತ್ತಿ ನಿಂತಿದ್ದ ನನ್ನನ್ನು ಕಂಡು, ಜಪಮಣಿ ಎಣಿಸುತ್ತಿದ್ದ ಹಿರಿಯ ಹೆಂಗಸೊಬ್ಬರು ಬೆಂಚಿನಲ್ಲಿ ಸರಿದು ಜಾಗ ಕೊಟ್ಟು, “ಕೂತು ನೋಡಿ, ಕುತ್ತಿಗೆ ನೋವಾಗ್ತದೆ ನಿಮಗೆ” ಎಂದರು. ಅಷ್ಟೇ ಹೇಳಿ ಅವರು ತಮ್ಮ ಜಪಕ್ಕೆ ಮರಳಿದರು. ಅವರ ಪ್ರಾರ್ಥನೆಗೆ ನನ್ನ ನೋಟವು ವಿಘ್ನವಾಗಲಿಲ್ಲ. ಒಂದೇ ಬೆಂಚಿನಲ್ಲಿ ಎರಡಕ್ಕೂ ಎಡೆಯಿತ್ತು. ಜೊತೆಗೆ ಸ್ನೇಹಿತರಿದ್ದರೆ ಅಲ್ಲಿ ನಾಲ್ಕು ಮಾತಾಡಿ, ಅಭಿಪ್ರಾಯ ಹೇಳಿ ಎದ್ದುಬಿಡುತ್ತಿದ್ದೆನು. ಒಂಟಿಯಾದುದರಿಂದ ಅಭಿಪ್ರಾಯ ಕೊಡಬೇಕಾದ ಹಂಗಿರಲಿಲ್ಲ. ಏಕಾಂತಯಾತ್ರೆಯ ದೊಡ್ಡ ಲಾಭವು ಇದೇ ಎಂದು ತಿಳಿಯುತ್ತೇನೆ.

ಆದರೆ ನೋಡುವುದು ಎಷ್ಟು ದೊಡ್ಡ ಹಕ್ಕೆಂಬುದನ್ನು ತಿಳಿಯಬೇಕಾದರೆ ಕುದ್ರೋಳಿಗೆ ಹೋಗಬೇಕು. ಊರ ದೇವಾಲಯಗಳ ಹೊರಗೇ ನಿಲ್ಲಬೇಕಾಗಿದ್ದ ಬಿಲ್ಲವರು ದೇವರ ಮುಖವನ್ನು ನೋಡುವುದಕ್ಕಾಗಿ ತಾವೇ ಒಂದು ದೇವಾಲಯವನ್ನು ಕಟ್ಟಿಕೊಳ್ಳಬೇಕಾಯಿತು. 1912ರಲ್ಲಿ ನಾರಾಯಣ ಗುರುಗಳು ಅಲ್ಲಿ ಗೋಕರ್ಣನಾಥನನ್ನು ಪ್ರತಿಷ್ಠಾಪಿಸಿದರು. ಇಂದು ಅಲ್ಲಿ ಯಾವ ಜಾತಿಯವನೂ ಸಲೀಸಾಗಿ ಒಳಹೋಗಿ, ನೋಡಿ, ಪ್ರಸಾದ ಪಡೆದು ಬರುತ್ತಾನೆ. ಅವನಿಗೆ ಅದು ಪ್ರವಾಸದ ಒಂದು ಸ್ಥಳವಾಗಿರಬಹುದು. ಆದರೆ ಆ ಸಲೀಸಿನ ಹಿಂದೆ ತಲೆಮಾರುಗಳ ಅಪಮಾನ ಅಡಗಿದೆ. ದೇವರನ್ನು ನೋಡಗೊಡದ ಅಧರ್ಮಕ್ಕೆ ಹೋಲಿಸಿದರೆ, ಭಕ್ತಿಯಿಲ್ಲದೆ ನೋಡಿದವನ ದೋಷವು ತೀರ ಅಲ್ಪವಾದುದು.

ಹಾಗೆಂದು ನೋಟವೊಂದೇ ಸಾಕೆಂದು ನಾನು ಒಪ್ಪಲಾರೆ. ಇದಕ್ಕೆ ಸಾಕ್ಷಿಯೂ ನಮ್ಮ ಹತ್ತಿರದಲ್ಲಿಯೇ, ಮೂಡುಬಿದಿರೆಯಲ್ಲಿದೆ. ಅಲ್ಲಿಯ ಗುರುಬಸದಿಯಲ್ಲಿ ಧವಲ, ಜಯಧವಲ, ಮಹಾಧವಲಗಳೆಂಬ ಜೈನ ಸಿದ್ಧಾಂತಗ್ರಂಥಗಳ ತಾಳೆಗರಿಗಳು ಶತಮಾನಗಳ ಕಾಲ ಕೇವಲ ದರ್ಶನದ ವಸ್ತುಗಳಾಗಿದ್ದವು. ದೂರದೇಶಗಳಿಂದ ಬಂದ ಶ್ರಾವಕರು ಹಳಗನ್ನಡ ಲಿಪಿಯ ಆ ಗರಿಗಳಿಗೆ ಕೈಮುಗಿದು ಧನ್ಯರಾಗಿ ಮರಳಿದರು. ಓದಿದವರು ಇಲ್ಲವೆಂಬಷ್ಟು ವಿರಳ. ಬಹುಕಾಲದ ಪ್ರತಿಲೇಖನದ ಪರಿಶ್ರಮದ ಬಳಿಕ, 1939ರಲ್ಲಿ ಧವಲದ ಮೊದಲ ಸಂಪುಟವು ಅಚ್ಚಾಗಿ ಹೊರಬಂದಾಗ, ಅಷ್ಟುಕಾಲ ನೋಡಿಸಿಕೊಂಡ ಗ್ರಂಥವು ಮಾತನಾಡತೊಡಗಿತು. ಭಕ್ತಿಯಿಂದ ನೋಡಿದವರು ಅದನ್ನು ಕಾಪಾಡಿದರು, ಅದು ನಿಜವೇ. ಆದರೆ ತಿಳಿಯುವ ಬಯಕೆಯಿಂದ ನೋಡಿದವರಿಂದಲೇ ಅದು ಲೋಕಕ್ಕೆ ದಕ್ಕಿತು.

ಆದುದರಿಂದ ನನ್ನ ನಿರ್ಣಯವಿಷ್ಟು: ನೋಟಕನಿಗೆ ಅಧಿಕಾರವುಂಟು, ಅದು ಹುಟ್ಟಿನಿಂದ ಬಂದುದಲ್ಲ, ವಿನಯದಿಂದಲೂ ವಿಚಾರದಿಂದಲೂ ಸಂಪಾದಿಸಿಕೊಳ್ಳಬೇಕಾದುದು. ಹತ್ತು ಕಡೆ ಓಡಿ ಹತ್ತು ಚಿತ್ರ ತೆಗೆದವನಿಗೆ ಅದು ಇಲ್ಲ. ಒಂದು ಮೂರ್ತಿಯೆದುರು ನಿಂತು, ಇದನ್ನು ನಿಲ್ಲಿಸಿದವರು ಯಾರು, ಯಾವ ಆಸೆಯಿಂದ ನಿಲ್ಲಿಸಿದರು, ಇದರ ಎದುರು ಅಳುವವರು ಏಕೆ ಅಳುತ್ತಾರೆ ಎಂದು ಕೇಳಿಕೊಂಡವನಿಗೆ ಖಂಡಿತ ಉಂಟು. ನಮ್ಮ ಪುರಾತನ ಸನ್ನಿಧಿಗಳ ಮೊಕ್ತೇಸರರಲ್ಲಿಯೂ ಧರ್ಮಗುರುಗಳಲ್ಲಿಯೂ ನನ್ನದೊಂದು ವಿಜ್ಞಾಪನೆ: ಬಾಗಿಲ ಬಳಿ ಸೇವೆಗಳ ದರಪಟ್ಟಿಯನ್ನು ತೂಗಹಾಕುವಂತೆ, ಅಲ್ಲಿಯ ಶಾಸನದ ಅರ್ಥವನ್ನೂ ಸ್ಥಳದ ಚರಿತ್ರೆಯನ್ನೂ ತಿಳಿಗನ್ನಡದಲ್ಲಿ ಬರೆಸಿ ತೂಗಹಾಕಿರಿ, ದೂರದಿಂದ ಒಂಟಿಯಾಗಿ ಬಂದವನು ಸ್ವಲ್ಪ ಹೆಚ್ಚು ಹೊತ್ತು ನಿಂತರೆ ಅವನನ್ನು ಮುಂದಕ್ಕೆ ದೂಡಬೇಡಿರಿ.